ಹಳೇ ಹ್ಯಾಲೋವೀನ್ ಸಾಮಾನು ಕೂಡಿಡೋರು ಯಾರಿದ್ದೀರಿ? ನಿಮ್ಮ ಪೆಟ್ಟಿಗೆಯಲ್ಲಿ ಏನಿದೆ?

ಅಟ್ಟದ ಇಲಿ (ನ್ಯೂಜೆರ್ಸಿ)

ಹ್ಯಾಲೋವೀನ್ ಅಂದ್ರೆ ಇಲ್ಲಿ ಅಕ್ಟೋಬರ್ 31ರ ರಾತ್ರಿ ಮಕ್ಕಳು ದೆವ್ವ ಭೂತದ ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳೋ ಹಬ್ಬ. ಸೆಪ್ಟೆಂಬರ್ ಬಂತು ಅಂದ್ರೆ ಇಲ್ಲಿನ ಅಂಗಡಿಗಳಲ್ಲಿ ಹನ್ನೆರಡು ಅಡಿ ಎತ್ತರದ ಪ್ಲಾಸ್ಟಿಕ್ ಅಸ್ಥಿಪಂಜರಗಳು ಬಂದು ನಿಂತುಬಿಡುತ್ತವೆ. ಅವುಗಳ ಸುದ್ದಿ ಇಲ್ಲಿ ಬೇಡ. ಇದು ಹಳೇ ಸಾಮಾನಿನ ಮಾತು. ರಟ್ಟಿನ ಬೆಕ್ಕು, ತಗಡಿನ ಗಿಲಕಿ, ಕಾಗದದ ತಿರುಳಿನ ಕುಂಬಳ, ಬೆವರಿಗೆ ಮುಖಕ್ಕೆ ಅಂಟುತ್ತಿದ್ದ ಮುಖವಾಡ, ಏನಿದ್ದರೂ ಸರಿ. ಅದು ನಿಮ್ಮ ಕೈಗೆ ಹೇಗೆ ಬಂತು, ಅದರ ಜೊತೆ ಏನು ನೆನಪಿದೆ, ಅದನ್ನೂ ಬರೆಯಿರಿ.

ನಾನೇ ಶುರು ಮಾಡ್ತೀನಿ. ಬೆಳೆದದ್ದು ಎಡಿಸನ್ ಪಕ್ಕದ ಒಂದು ಅಪಾರ್ಟ್‌ಮೆಂಟಿನಲ್ಲಿ, 1980ರ ದಶಕದಲ್ಲಿ. ಅಪ್ಪ ಅಮ್ಮ ಹಾಸನದ ಕಡೆಯವರು. ಹ್ಯಾಲೋವೀನ್‌ಗೆ ಅಂತ ನಮ್ಮ ಮನೆಗೆ ಬಂದ ಮೊದಲ ಸಾಮಾನು ಬೈಸಲ್ ಕಂಪನಿಯ ರಟ್ಟಿನ ಅಸ್ಥಿಪಂಜರ. ಮೊಣಕೈ, ಮೊಣಕಾಲು, ತೊಡೆ, ಎಲ್ಲಾ ಕೀಲಿಗೂ ಒಂದೊಂದು ಸಣ್ಣ ಲೋಹದ ರಿವೆಟ್. ಕೂರಿಸಬಹುದು, ಕುಣಿಸಬಹುದು, ಕಾಲ ಮೇಲೆ ಕಾಲು ಹಾಕಿಸಬಹುದು. ಅಪ್ಪ ಅದನ್ನು ಮುಂಬಾಗಿಲಿಗೆ ಟೇಪ್ ಹಚ್ಚಿ ಅಂಟಿಸಿದರು.

ಆ ವರ್ಷ ಊರಿಂದ ಅಜ್ಜಿ ಬಂದಿದ್ದರು. "ತೋರಣ ಕಟ್ಟೋ ಜಾಗಕ್ಕೆ ಮೂಳೆ ಕಟ್ತೀರೇನೋ?" ಅಂದರು. ಅಪ್ಪ ಆಫೀಸಿಗೆ ಹೊರಟ ತಕ್ಷಣ ಕಿತ್ತು, ಕೋಟು ನೇತುಹಾಕುವ ಕಪಾಟಿನೊಳಗೆ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಸಂಜೆ ಅಪ್ಪ ಮತ್ತೆ ಬಾಗಿಲಿಗೆ. ಹಬ್ಬ ಮುಗಿಯೋವರೆಗೂ ಇದೇ ಆಟ. ಇಬ್ಬರೂ ಈ ಬಗ್ಗೆ ಒಂದು ಮಾತೂ ಆಡಲಿಲ್ಲ, ಅದೇ ಮಜಾ. ಈಗಲೂ ಆ ಬುರುಡೆಯ ನೆತ್ತಿ ಮೇಲೆ ಟೇಪಿನ ಹಳದಿ ಕಲೆ ಪದರ ಪದರವಾಗಿದೆ. ಮಾರೋರು ನೋಡಿದರೆ 'ಹಾಳಾದ ಪೀಸು' ಅಂತಾರೆ. ಅನ್ನಲಿ ಬಿಡಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಬೈಸಲ್ 1900ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಶುರುವಾದ ಕಂಪನಿ. ಆಮೇಲೆ ಪೆನ್ಸಿಲ್ವೇನಿಯಾದ ಶಿಪನ್ಸ್‌ಬರ್ಗ್ ಅನ್ನೋ ಸಣ್ಣ ಊರಿಗೆ ಹೋಯಿತು, ಈಗಲೂ ಅಲ್ಲೇ ಇದೆ. ಜೇನುಗೂಡಿನ ಹಾಗೆ ಬಿಚ್ಚಿಕೊಳ್ಳೋ ಟಿಶ್ಯೂ ಕಾಗದದ ಅಲಂಕಾರಗಳನ್ನು ಅಮೆರಿಕದ ಮನೆಮನೆಗೆ ತಲುಪಿಸಿದ್ದು ಇವರೇ. ಹ್ಯಾಲೋವೀನ್ ಸಾಮಾನು ಜೋರಾಗಿ ಮಾಡಿದ್ದು 1920ರ ದಶಕದಿಂದ ಈಚೆಗೆ. ಹಿಂಬದಿಯಲ್ಲಿ ಎಚ್. ಇ. ಲೂರ್ಸ್ ಅಂತ ಅಚ್ಚಾಗಿದ್ದರೂ ಅದು ಬೈಸಲ್‌ದೇ. ಲೂರ್ಸ್ ಅವರು ಕಂಪನಿ ಕಟ್ಟಿದವರ ಅಳಿಯ.

ಕೊಲಂಬಸ್ ಕಮಲಿ (ಒಹಾಯೋ)

ಅಯ್ಯೋ, ಆ ಅಜ್ಜಿ ನನಗೆ ಬಹಳ ಇಷ್ಟವಾದರು!

ನನ್ನದು ಬೇರೆ ದಾರಿ. ನಾನು ಬೆಳೆದದ್ದು ಶಿವಮೊಗ್ಗದಲ್ಲಿ. ಮದುವೆಯಾದದ್ದು ಇಲ್ಲಿನವರನ್ನ. ನಮ್ಮತ್ತೆ ಪೆನ್ಸಿಲ್ವೇನಿಯಾದ ಒಂದು ಹಳ್ಳಿಯವರು, 1938ರಲ್ಲಿ ಹುಟ್ಟಿದವರು. ಅವರ ತಾಯಿಯ ಕಾಲದ ಒಂದು ಟೋಪಿ ಡಬ್ಬ ಈಗ ನನ್ನ ಹತ್ರ ಇದೆ. ಹ್ಯಾಲೋವೀನ್ ಸಾಮಾನೆಲ್ಲಾ ಅದರೊಳಗೇ.

ಒಳಗೆ ಜರ್ಮನಿಯಿಂದ ಬಂದ ರಟ್ಟಿನ ಚಿತ್ರಗಳಿವೆ. ಮಾಟಗಾತಿ, ಗೂಬೆ, ಬೆನ್ನು ಕಮಾನು ಮಾಡಿದ ಕರಿಬೆಕ್ಕು. ದಪ್ಪ ರಟ್ಟು. ಮುಟ್ಟಿದರೆ ಬೆಕ್ಕಿನ ಬೆನ್ನು ಉಬ್ಬು ಕೈಗೆ ಸಿಗುತ್ತದೆ, ಬಾಲದ ಕೂದಲು ಕೂಡ. ಎರಡು ಮಹಾಯುದ್ಧಗಳ ನಡುವೆ ಇಂಥವು ಅಮೆರಿಕಕ್ಕೆ ಬೇಕಾದಷ್ಟು ಬರ್ತಿದ್ದವು, ಎರಡನೇ ಯುದ್ಧ ಬಂದಾಗ ನಿಂತುಹೋಯಿತು. ಜೊತೆಗೆ ಡೆನಿಸನ್ ಕಂಪನಿಯ ಕ್ರೇಪ್ ಕಾಗದದ (ಸುಕ್ಕು ಸುಕ್ಕಾದ ತೆಳು ಬಣ್ಣದ ಕಾಗದ) ಒಂದು ಸುರುಳಿ, ಅರ್ಧ ಕತ್ತರಿಸಿದ್ದು.

ಡೆನಿಸನ್ ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್‌ನ ಕಂಪನಿ. ಕ್ರೇಪ್ ಕಾಗದ ಮಾರಬೇಕಿತ್ತು. ಅದಕ್ಕೆ 'ಬೋಗಿ ಬುಕ್' ಅಂತ ಒಂದು ಸಣ್ಣ ಪುಸ್ತಕ ತಂದರು. ಮೊದಲನೆಯದು 1909ರಲ್ಲಿ, ಆಮೇಲೆ 1912ರಿಂದ 1930ರ ದಶಕದವರೆಗೆ ಹೆಚ್ಚುಕಡಿಮೆ ವರ್ಷಕ್ಕೊಂದು. ಮೇಜು ಹೇಗೆ ಅಲಂಕರಿಸೋದು, ಮಕ್ಕಳಿಗೆ ಕಾಗದದ ಫ್ರಾಕು ಹೇಗೆ ಹೊಲಿಯೋದು, ಪಾರ್ಟೀಲಿ ಏನು ಆಟ ಆಡಿಸೋದು, ಎಲ್ಲಾ ಅದರಲ್ಲಿ. ನಡುನಡುವೆ 'ಇದಕ್ಕೆ ನಮ್ಮ ಕಾಗದ ಇಷ್ಟು ಬೇಕು' ಅಂತ. ಜಾಣ ವ್ಯಾಪಾರ.

ಅತ್ತೆಗೆ ನೆನಪಿರೋದು ಯುದ್ಧದ ವರ್ಷಗಳು. 1942ರಲ್ಲಿ ಸಕ್ಕರೆಗೆ ರೇಷನ್ ಬಂತು, 1947ರವರೆಗೂ ಇತ್ತು. ಮಿಠಾಯಿ ಇಲ್ಲ, ಅಂಗಡೀಲಿ ಹೊಸ ಅಲಂಕಾರ ಇಲ್ಲ. ಅವರಮ್ಮ ಅದೇ ಡಬ್ಬ ಪ್ರತಿ ವರ್ಷ ತೆಗೆದು, ಅದೇ ಬೆಕ್ಕನ್ನ ಅದೇ ಕಿಟಕಿಗೆ ಹಾಕ್ತಿದ್ದರಂತೆ. ಇದು ಕಥೆ ಅಲ್ಲ, ಸಾಕ್ಷಿ ಇದೆ. ಬೆಕ್ಕು ತಿರುಗಿಸಿದರೆ ಹಿಂದೆ ಪೆನ್ಸಿಲ್ಲಿನಲ್ಲಿ 'ಮುಂದಿನ ಕಿಟಕಿ, ಎಡಗಡೆ' ಅಂತ ಬರೆದಿದೆ. ಗೂಬೆ ಹಿಂದೆ 'ಪಿಯಾನೋ ಮೇಲೆ'. ಮಾಟಗಾತಿಗೆ ಮೊದಲು 'ಊಟದ ಕೋಣೆ' ಅಂತ ಬರೆದು, ಅದನ್ನ ಹೊಡೆದು 'ಮೆಟ್ಟಿಲು' ಅಂತ ಮಾಡಿದ್ದಾರೆ. ಯಾಕೆ ಜಾಗ ಬದಲಾಯಿತು ಅಂತ ಅತ್ತೆಗೂ ಗೊತ್ತಿಲ್ಲ.

ಸುಮ್ನೆ ಒಬ್ಬ (ಬೆಂಗಳೂರು)

ಬೇಜಾರಾಗಬೇಡಿ, ಒಂದು ಮಾತು ಕೇಳ್ತೀನಿ. ನಮ್ಮ ಚಿಕ್ಕಂದಿನಲ್ಲಿ ದೆವ್ವ ಬರಬಾರದು ಅಂತ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೀತಿದ್ದರು. ನೀವು ದೆವ್ವದ ಚಿತ್ರನೇ ದುಡ್ಡು ಕೊಟ್ಟು ತಂದು ಬಾಗಿಲಿಗೆ ಹಾಕ್ತೀರಿ. ಅದು ಬಿಡಿ, ಅವರವರ ಖುಷಿ. ಆದರೆ ರಟ್ಟಿನ ಬೆಕ್ಕಿಗೆ ನೂರಾರು ಡಾಲರ್ ಅಂತೆ, ನನ್ನ ತಂಗಿ ಹೇಳಿದಳು. ಯಾಕೆ ಅಷ್ಟು? ಬಂಗಾರ ಅಲ್ಲ, ಬೆಳ್ಳಿ ಅಲ್ಲ. ಅಚ್ಚು ಹಾಕಿದ ಕಾಗದ ತಾನೇ?

ಅಟ್ಟದ ಇಲಿ

'ನಾಳೆ ಬಾ' ನೋಡಿ ಮನೇಲಿ ಎಲ್ಲರಿಗೂ ಓದಿ ಹೇಳಿದೆ, ಸಾರ್. 😄

ಪ್ರಶ್ನೆ ಸರಿಯಾದದ್ದೇ. ಉತ್ತರ ನೀವು ಕೇಳಿದ ಮಾತಿನಲ್ಲೇ ಇದೆ. ಕಾಗದ ತಾನೇ ಅಂತ ಎಲ್ಲರೂ ಬಿಸಾಡಿದರು. ಕ್ರಿಸ್‌ಮಸ್ ಗಾಜಿನ ಗುಂಡುಗಳನ್ನ ಜನ ಹತ್ತಿಯಲ್ಲಿ ಸುತ್ತಿ ಎತ್ತಿಟ್ಟರು. ಅದು ಮನೆ ಹಬ್ಬ. ಹ್ಯಾಲೋವೀನ್ ಒಂದು ರಾತ್ರಿಯ ಗಲಾಟೆ. ಬೆಳಗಾದರೆ ಕಸದ ಡಬ್ಬಿಗೆ. ಸಾವಿರಗಟ್ಟಲೆ ಅಚ್ಚಾಗಿದ್ದರೂ ಉಳಿದದ್ದು ಬೆರಳೆಣಿಕೆ.

ಕಾಗದದ ತಿರುಳಿನ ಕುಂಬಳಗಳ ಉದಾಹರಣೆ ತಗೊಳ್ಳಿ. ಮೊಟ್ಟೆ ಟ್ರೇ ಮಾಡ್ತಾರಲ್ಲ, ಅದೇ ಥರದ ತಿರುಳು. 1930ರ ದಶಕದಿಂದ 1950ರ ದಶಕದವರೆಗೆ ಇವುಗಳ ಕಾಲ. ಮಿಲ್ವಾಕಿಯ ಪಲ್ಪ್ ರಿಪ್ರೊಡಕ್ಷನ್ ಕಂಪನಿ, ಬಫಲೋದಲ್ಲಿ ಡಬ್ಬ ಮಾಡುತ್ತಿದ್ದ ಬರ್ಟ್ ಕಂಪನಿ, ಇವರೆಲ್ಲಾ ಮಾಡಿದರು. ಕಿತ್ತಳೆ ಬಣ್ಣ, ಮೇಲೆ ತಂತಿ ಹಿಡಿ. ಕಣ್ಣು ಬಾಯಿ ಕೊರೆದ ಜಾಗಕ್ಕೆ ಒಳಗಿಂದ ತೆಳು ಕಾಗದ ಅಂಟಿಸಿ, ಅದರ ಮೇಲೆ ಕಣ್ಣುಗುಡ್ಡೆ, ಹಲ್ಲು ಅಚ್ಚು ಮಾಡಿರ್ತಾರೆ. ಈಗ ಯೋಚಿಸಿ. ಒಳಗೆ ಉರಿಯೋ ಮೇಣದಬತ್ತಿ, ಸುತ್ತಲೂ ಕಾಗದ, ಹಿಡಿದುಕೊಂಡಿರೋದು ಆರು ವರ್ಷದ ಹುಡುಗ, ಓಡ್ತಿದ್ದಾನೆ. ಉಳಿಯೋದು ಹೇಗೆ? ಕಣ್ಣಿನ ಕಾಗದ ಹರಿಯದೆ ಇರೋ ಕುಂಬಳ ಸಿಕ್ಕರೆ ಬೆಲೆ ಎಲ್ಲಿಗೋ ಹೋಗುತ್ತದೆ.

ನನ್ನ ಹತ್ರ ಇರೋದರಲ್ಲಿ ಕಾಗದ ಇಲ್ಲ. ಒಳಗೆ ಒಂದು ಕಡೆ ಸುಟ್ಟು ಕಂದಾಗಿದೆ. ತಳದಲ್ಲಿ ಕರಗಿ ಗಟ್ಟಿಯಾದ ಮೇಣದ ಬಿಲ್ಲೆ ಹಾಗೇ ಇದೆ. ನನಗೆ ಅದೇ ಬೇಕಾಗಿತ್ತು. ಯಾವನೋ ಒಬ್ಬ ಹುಡುಗ ಇದನ್ನ ಹಿಡಿದು ನಿಜವಾಗಲೂ ಊರು ಸುತ್ತಿದ್ದಾನೆ.

ತಗಡಿನ ತುತ್ತೂರಿ (ನ್ಯೂಯಾರ್ಕ್)

ಕಾಗದದವರೇ ಮಾತಾಡ್ತಿದ್ದೀರಿ, ತಗಡಿನವರ ಪರವಾಗಿ ನಾನಿದ್ದೀನಿ.

ನಾನು ಕೂಡಿಡೋದು ಬರೀ ಸದ್ದು ಮಾಡೋ ಸಾಮಾನು. ಹಿಡಿ ಹಿಡಿದು ತಿರುಗಿಸಿದರೆ ಕಟಕಟ ಅನ್ನೋದು, ಒತ್ತಿದರೆ ಟಿಕ್ ಅನ್ನೋದು, ಸಣ್ಣ ಬಾಣಲೆ ಆಕಾರದ ತಗಡಿಗೆ ಎರಡೂ ಕಡೆ ಗುಂಡು ಬಡಿಯೋದು, ತುತ್ತೂರಿ, ಕಂಜರ. ಎಲ್ಲದರ ಮೇಲೂ ನೇರ ತಗಡಿಗೇ ಅಚ್ಚು ಹಾಕಿದ ಕಿತ್ತಳೆ, ಕಪ್ಪು, ಹಳದಿ ಚಿತ್ರ. ನ್ಯೂವಾರ್ಕ್‌ನ ಕಿರ್ಚಾಫ್, ಬ್ರೂಕ್ಲಿನ್‌ನ ಟಿ. ಕೋನ್, ಯು.ಎಸ್. ಮೆಟಲ್ ಟಾಯ್, ಈ ಮೂರು ಹೆಸರು ನೆನಪಿಟ್ಟುಕೊಂಡರೆ ಸಂತೆಯಲ್ಲಿ ಅರ್ಧ ಕೆಲಸ ಮುಗೀತು. ಮರದ ಹಿಡಿ ಇದ್ದರೆ ಸಾಮಾನ್ಯವಾಗಿ ಹಳೇದು, ಪ್ಲಾಸ್ಟಿಕ್ ಹಿಡಿ ಆದರೆ ಈಚಿನದು. 1942ರಲ್ಲಿ ಯುದ್ಧಕ್ಕೆ ಲೋಹ ಬೇಕು ಅಂತ ತಗಡಿನ ಆಟಿಕೆ ಮಾಡೋದೇ ನಿಲ್ಲಿಸಿಬಿಟ್ಟರು. ಹಾಗಾಗಿ ನಡುವೆ ಕೆಲವು ವರ್ಷ ಖಾಲಿ.

ಸದ್ದು ಯಾಕೆ ಅಂತ ಕೇಳ್ತೀರಾ? ಮಕ್ಕಳು ಮನೆಮನೆಗೆ ಹೋಗಿ ಮಿಠಾಯಿ ಕೇಳೋದು ಈಚೆಗೆ ಗಟ್ಟಿಯಾದ ಪದ್ಧತಿ. ಅದಕ್ಕೆ ಮುಂಚೆ ಹ್ಯಾಲೋವೀನ್ ಅಂದರೆ ಗಲಾಟೆ, ಕೀಟಲೆ, ಪಾರ್ಟಿ. ಇವು ಪಾರ್ಟಿ ಸಾಮಾನು.

ನಾನು ಮೈಸೂರಿನಲ್ಲಿ ಓದಿ ದೊಡ್ಡವನಾಗಿ ಇಲ್ಲಿಗೆ ಬಂದವನು. ಹ್ಯಾಲೋವೀನ್‌ನ ಬಾಲ್ಯದ ನೆನಪು ನನಗೆ ಇಲ್ಲವೇ ಇಲ್ಲ. ಆದರೂ ಮೊದಲ ಸಲ ಒಂದು ಹಳೇ ಮನೆ ಸಾಮಾನಿನ ಮಾರಾಟದಲ್ಲಿ ಆ ಕಟಕಟ ತಿರುಗಿಸಿದಾಗ ನಂಜನಗೂಡು ಜಾತ್ರೆ ಕಿವಿಯಲ್ಲಿ ಕೇಳಿಸಿತು. ಮಾರುತ್ತಿದ್ದ ಮುದುಕಪ್ಪ ನನ್ನ ಮುಖ ನೋಡಿ ಒಂದು ಡಾಲರ್ ಕಡಿಮೆ ಮಾಡಿದ.

ಚಳಿ ರಾಜ್ಯ (ಮಿನೆಸೋಟ)

ತುತ್ತೂರಿಯವರ ಮಾತಿಗೆ ಒಂದು ಸೇರಿಸ್ತೀನಿ. ನಮ್ಮ ಪಕ್ಕದ ಊರು ಅನೋಕ. 'ಜಗತ್ತಿನ ಹ್ಯಾಲೋವೀನ್ ರಾಜಧಾನಿ' ಅಂತ ಬೋರ್ಡೇ ಹಾಕಿಕೊಂಡಿದ್ದಾರೆ. ಅಲ್ಲಿ ಹುಡುಗರು ಹ್ಯಾಲೋವೀನ್ ರಾತ್ರಿ ಬೇರೆಯವರ ಹಸು ಬಿಚ್ಚಿ ಬೀದಿಗೆ ಬಿಡೋದು, ಕಿಟಕಿಗೆ ಸೋಪು ಬಳಿಯೋದು ಮಾಡ್ತಿದ್ದರು. ಬುದ್ಧಿ ಹೇಳಿ ಸಾಕಾಗಿ 1920ರಲ್ಲಿ ಊರಿನವರು ಮೆರವಣಿಗೆ, ತಿಂಡಿ, ದೊಡ್ಡ ಬೆಂಕಿ ಹಾಕೋದು ಅಂತ ಶುರು ಮಾಡಿದರು. ಹುಡುಗರು ಈ ಕಡೆ ಬರಲಿ ಅಂತ. ಬೇರೆ ಊರುಗಳಲ್ಲೂ ಇದೇ ಉಪಾಯ. ಮನೇಲಿ, ಶಾಲೇಲಿ ಪಾರ್ಟಿ ಮಾಡಿದರೆ ಗೋಡೆಗೆ ಏನಾದರೂ ಹಾಕಬೇಕಲ್ಲ? ಬೈಸಲ್, ಡೆನಿಸನ್‌ಗೆ ಗಿರಾಕಿ ಸಿಕ್ಕಿದ್ದು ಹೀಗೆ.

ಶಿಕಾಗೋ ಶಾರಿ

ಎಲ್ಲರೂ ಚೆಂದದ ಸಾಮಾನಿನ ಬಗ್ಗೆ ಬರೀತಿದ್ದೀರಿ. ನಾನು ಚೆಂದವಿಲ್ಲದ್ದು ಕೂಡಿಡ್ತೀನಿ: ಬೆನ್ ಕೂಪರ್ ಕಂಪನಿಯ ಮಕ್ಕಳ ವೇಷದ ಡಬ್ಬಗಳು.

70, 80ರ ದಶಕದಲ್ಲಿ ಇಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲೆ ಪಾರದರ್ಶಕ ಕಿಟಕಿ ಇರೋ ರಟ್ಟಿನ ಡಬ್ಬ. ಅದರಿಂದ ಮುಖವಾಡ ನಿಮ್ಮನ್ನೇ ನೋಡ್ತಿರುತ್ತೆ. ತೆಳು ಪ್ಲಾಸ್ಟಿಕ್, ಮೂಗಿಗೆ ಎರಡು ತೂತು, ಬಾಯಿಗೆ ಒಂದು ಸೀಳು. ಕಿವಿ ಹತ್ರ ಸ್ಟೇಪಲ್ ಹೊಡೆದ ರಬ್ಬರ್ ದಾರ. ಆ ದಾರ ಮೊದಲ ಬೀದಿ ಮುಗಿಯೋಷ್ಟರಲ್ಲಿ ಕಿತ್ತುಬರುತ್ತಿತ್ತು. ಸೀಳಿಗೆ ನಾಲಗೆ ತೂರಿಸಿ ತೂರಿಸಿ ಗಾಯ. ಜೊತೆಗೆ ಹಿಂದೆ ಲಾಡಿ ಕಟ್ಟೋ ವಿನೈಲ್ ಅಂಗಿ. ತಮಾಷೆ ಏನಂದ್ರೆ ಆ ಅಂಗಿ ಎದೆ ಮೇಲೆ ಅದೇ ಪಾತ್ರದ ಚಿತ್ರ, ಹೆಸರಿನ ಸಮೇತ! ಯಾವ ವೀರ ತನ್ನ ಫೋಟೊ ತಾನೇ ಹಾಕಿಕೊಂಡು ಓಡಾಡ್ತಾನೆ? ಅಮ್ಮ ಅದರ ಕೆಳಗೆ ಸ್ವೆಟರ್, ಮೇಲೆ ಕೋಟು ಹಾಕಿ ಗುಂಡಿ ಹಾಕಿಬಿಡೋರು. ಶಿಕಾಗೋ ಚಳಿ. ಕಾಣ್ತಿದ್ದದ್ದು ಬರೀ ಮುಖವಾಡ.

1982 ನನಗೆ ಚೆನ್ನಾಗಿ ನೆನಪಿದೆ. ಆ ಸೆಪ್ಟೆಂಬರ್ ಕೊನೆಗೆ ನಮ್ಮ ಶಿಕಾಗೋ ಸುತ್ತಮುತ್ತ ಯಾರೋ ನೋವಿನ ಮಾತ್ರೆಗೆ ಸಯನೈಡ್ ಬೆರೆಸಿ ಏಳು ಜನ ಸತ್ತರು. ಊರಿಗೆ ಊರೇ ಹೆದರಿತ್ತು. ಆ ವರ್ಷ ಬಹಳ ಮಕ್ಕಳನ್ನ ಹೊರಗೇ ಬಿಡಲಿಲ್ಲ. ನಮ್ಮನೇಲಿ ಅಮ್ಮ ಗೊತ್ತಿದ್ದ ಕನ್ನಡದ ಮನೆಗಳಿಗೆ ಮಾತ್ರ ಕರೆದುಕೊಂಡು ಹೋದರು. ಒಂದು ಮನೇಲಿ ಚಕ್ಕುಲಿ, ಒಂದರಲ್ಲಿ ಕೊಬ್ಬರಿ ಮಿಠಾಯಿ. ನಾನು ಅಳ್ತಾ ವಾಪಸ್ ಬಂದೆ. ಈಗ ನೆನೆಸಿಕೊಂಡರೆ ಅಂಥ ಹ್ಯಾಲೋವೀನ್ ಇನ್ನೆಲ್ಲಿ ಸಿಗುತ್ತೆ ಅನ್ಸುತ್ತೆ, ಆದರೆ ಅವತ್ತು ಅತ್ತದ್ದು ನಿಜ.

ಆಮೇಲಿನ ವರ್ಷಗಳಲ್ಲಿ ಮಿಠಾಯಿ ಪರೀಕ್ಷೆ ನಮ್ಮನೆ ಪದ್ಧತಿಯಾಯಿತು. ಊಟದ ಮೇಜಿನ ಮೇಲೆ ಎಲ್ಲಾ ಸುರಿಯೋದು. ಅಪ್ಪ ಸುತ್ತಿದ ಕಾಗದ ಬಿಚ್ಚಿಕೊಂಡಿದೆಯಾ ನೋಡೋರು. ಅಮ್ಮ ಜೆಲಾಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡೋದು) ಇದೆಯಾ ಓದೋರು. ಇಬ್ಬರ ಕೈ ದಾಟಿ ಬಂದದ್ದು ನನಗೆ.

ಇನ್ನೊಂದು ಸಾಮಾನು ಇದೆ ನನ್ನ ಹತ್ರ. ಯುನಿಸೆಫ್‌ನ ಕಿತ್ತಳೆ ಬಣ್ಣದ ರಟ್ಟಿನ ಡಬ್ಬಿ. 1950ರಲ್ಲಿ ಫಿಲಡೆಲ್ಫಿಯಾ ಕಡೆ ಹಾಲಿನ ರಟ್ಟಿನ ಡಬ್ಬ ಹಿಡಿದು ಮಕ್ಕಳು ಹ್ಯಾಲೋವೀನ್‌ಗೆ ಬೇರೆ ದೇಶದ ಬಡ ಮಕ್ಕಳಿಗೆ ಅಂತ ಚಿಲ್ಲರೆ ಕೂಡಿಸಿದ್ದು ಮೊದಲು. ನಮ್ಮ ಕಾಲಕ್ಕೆ ಶಾಲೇಲಿ ಮಡಚಿದ ಡಬ್ಬಿ ಕೊಡ್ತಿದ್ದರು. ಒಂದು ಮನೇಲಿ ಒಬ್ಬ ಅಜ್ಜಿ ಕಾಸು ಹಾಕ್ತಾ, ನನ್ನ ಮುಖವಾಡ ಎತ್ತಿದ ಮುಖ ನೋಡಿ, "ಇದು ನಿಮ್ಮ ದೇಶದ ಮಕ್ಕಳಿಗೇ ಹೋಗುತ್ತಲ್ವಾ ಪುಟ್ಟಾ?" ಅಂದರು. ಬಹಳ ಪ್ರೀತಿಯಿಂದಲೇ ಅಂದದ್ದು. ನಾನು ಹುಟ್ಟಿದ್ದು ಅಲ್ಲಿಂದ ಎರಡು ಮೈಲಿ ಆಚೆ ಆಸ್ಪತ್ರೇಲಿ. ಏನು ಹೇಳಬೇಕು ಗೊತ್ತಾಗದೆ 'ಥ್ಯಾಂಕ್ ಯೂ' ಅಂದು ಮುಖವಾಡ ಕೆಳಗೆ ಎಳೆದುಕೊಂಡೆ. ಸಂತೆಯಲ್ಲಿ ಆ ಡಬ್ಬಿ ಕಂಡರೆ ಈಗಲೂ ತಗೊಂಡುಬಿಡ್ತೀನಿ. ಯಾಕೆ ಅಂತ ಗಂಡ ಕೇಳ್ತಾರೆ. ಸುಮ್ನೆ ಅಂತೀನಿ.

ಅಟ್ಟದ ಇಲಿ

ಶಾರಿ ಅಕ್ಕಾ, ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನಾದೆ. ನಮ್ಮ ಶಾಲೇಲೂ ಆ ಡಬ್ಬಿ ಇತ್ತು.

1986ರ ಮೆಕ್‌ಡೊನಾಲ್ಡ್ಸ್ ಬಕೆಟ್ ಇದೆಯಾ ನಿಮ್ಮ ಹತ್ರ? ಕಿತ್ತಳೆ ಬಣ್ಣ, ಮೂರು ಥರದ ಮುಖ. ನಮ್ಮಲ್ಲಿ ಅದು ಹ್ಯಾಲೋವೀನ್ ಮುಗಿದ ಮೇಲೆ ಈರುಳ್ಳಿ ಬಕೆಟ್ ಆಯಿತು.

ಶಿಕಾಗೋ ಶಾರಿ

ಇದೆ! ನಮ್ಮನೇಲಿ ಬಟ್ಟೆ ಕ್ಲಿಪ್ಪು ಹಾಕೋಕೆ. ಕನ್ನಡದವರ ಮನೇಲಿ ಪ್ಲಾಸ್ಟಿಕ್ ಡಬ್ಬ ಯಾವತ್ತಾದರೂ ಕಸಕ್ಕೆ ಹೋಗಿದ್ದುಂಟಾ?

ದೀಪದ ಕುಂಬಳ (ನಾರ್ತ್ ಕ್ಯಾರೊಲಿನಾ)

ಪ್ಲಾಸ್ಟಿಕ್ ಅಂದ ಕೂಡಲೇ ನಾನು ಹಾಜರ್. ನನ್ನ ಗ್ಯಾರೇಜಿನಲ್ಲಿ ಕಾರಿಗೆ ಜಾಗ ಇಲ್ಲ, ಎಲ್ಲಾ ಬ್ಲೋ ಮೋಲ್ಡ್, ಅಂದ್ರೆ ಒಳಗೆ ದೀಪ ಹಚ್ಚೋ ಟೊಳ್ಳು ಪ್ಲಾಸ್ಟಿಕ್ ಗೊಂಬೆಗಳು.

ಕರಗಿದ ಪ್ಲಾಸ್ಟಿಕ್ ಕೊಳವೆಯನ್ನ ಎರಡು ಭಾಗದ ಅಚ್ಚಿನ ನಡುವೆ ಹಿಡಿದು, ಒಳಗೆ ಗಾಳಿ ಊದಿ ಉಬ್ಬಿಸೋದು. ಶಾಂಪೂ ಬಾಟಲಿ ಮಾಡೋದೂ ಹೀಗೇ. ಆಮೇಲೆ ಅಚ್ಚು ಹಾಳೆ ಇಟ್ಟು ಬಣ್ಣ ಸ್ಪ್ರೇ ಮಾಡ್ತಾರೆ, ಹಿಂದುಗಡೆ ತೂತಿನಿಂದ ಬಲ್ಬು. ನಮ್ಮ ರಾಜ್ಯದ ಟಾರ್‌ಬರೋದಲ್ಲಿದ್ದ ಎಂಪೈರ್, ಮ್ಯಾಸಚೂಸೆಟ್ಸ್‌ನ ಲೆಮಿನ್‌ಸ್ಟರ್‌ನ ಯೂನಿಯನ್ ಪ್ರಾಡಕ್ಟ್ಸ್, ವರ್ಜೀನಿಯಾದ ಜನರಲ್ ಫೋಮ್, ಇವು ಹೆಸರುವಾಸಿ. ಅಂಗಳದಲ್ಲಿ ನಿಲ್ಲಿಸೋ ಗುಲಾಬಿ ಫ್ಲಮಿಂಗೊ ಹಕ್ಕಿ ಇದೆಯಲ್ಲ, 1957ರದ್ದು, ಅದೂ ಯೂನಿಯನ್‌ನವರದೇ. ಈಗ ಆ ಹಳೇ ಕಾರ್ಖಾನೆಗಳು ಮುಚ್ಚಿಹೋದವು. ಅದಕ್ಕೇ ಬೇಡಿಕೆ ಜಾಸ್ತಿ.

ತಗೊಳ್ಳೋರಿಗೆ ಎರಡು ಮಾತು. ಒಂದು, ಕೊಳೆ ಇದ್ದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಸೋಪು, ಮೆತ್ತನೆ ಬಟ್ಟೆ, ಅಷ್ಟೇ. ಕಲೆ ತೆಗೆಯೋ ಬಿಳಿ ಸ್ಪಂಜು ಹಾಕಿ ಉಜ್ಜಿದಿರೋ, ಹುಬ್ಬು ಮೀಸೆ ಎಲ್ಲಾ ಅದರ ಜೊತೆಗೇ ಬರುತ್ತೆ. ಎರಡು, ಹಳೇ ವೈರು, ಹಳೇ ಬಲ್ಬು ಹಾಗೇ ಹಚ್ಚಬೇಡಿ. ವೈರಿನ ಸಿಪ್ಪೆ ಬಿರುಕು ಬಿಟ್ಟಿರುತ್ತೆ. ಹೊಸ ವೈರು ಹಾಕಿ, ಬಿಸಿಯಾಗದ ಎಲ್‌ಇಡಿ ಹಾಕಿ. ಹಳದಿ ಬೆಳಕಿನದೇ ನೋಡಿ ತನ್ನಿ. ಬಿಳಿ ಬೆಳಕು ಹಾಕಿದರೆ ಕುಂಬಳಕ್ಕೆ ಕಾಮಾಲೆ ವಾಸಿಯಾದ ಹಾಗೆ ಕಾಣುತ್ತೆ.

ಸುಮ್ನೆ ಒಬ್ಬ

ಓದ್ತಾ ಓದ್ತಾ ನನಗೂ ಆಸಕ್ತಿ ಬಂತು ಮಾರಾಯರೇ. ಇಷ್ಟು ಬೆಲೆ ಇದ್ದರೆ ನಕಲಿ ಮಾಡದೆ ಬಿಡ್ತಾರಾ? ಹೇಗೆ ಗೊತ್ತು ಮಾಡ್ತೀರಿ?

ಅಟ್ಟದ ಇಲಿ

ಬೇಕಾದಷ್ಟು ನಕಲಿ ಇದೆ ಸಾರ್. ಕೆಲವು ನಕಲಿಯೂ ಅಲ್ಲ. ಬೈಸಲ್‌ನವರೇ ತಮ್ಮ ಹಳೇ ಚಿತ್ರಗಳನ್ನ ಮತ್ತೆ ಅಚ್ಚು ಹಾಕಿ ಮಾರ್ತಾರೆ. ಅದು ನ್ಯಾಯವಾದ ವ್ಯಾಪಾರ, ಅಗ್ಗದ ಬೆಲೆಗೆ ಸಿಗುತ್ತೆ, ಮಕ್ಕಳಿರೋ ಮನೆಗೆ ನಾನು ಅದನ್ನೇ ತಗೊಳ್ಳಿ ಅಂತೀನಿ. ತೊಂದರೆ ಬರೋದು ಯಾರೋ ಅದನ್ನ ಟೀ ನೀರಿನಲ್ಲಿ ಅದ್ದಿ, ಅಂಚು ಸವೆಸಿ, 1930ರದ್ದು ಅಂತ ಮಾರಿದಾಗ.

ಮೊದಲು ಮೂಸಿ ನೋಡಿ. ಹಳೇ ಕಾಗದಕ್ಕೆ ಹಳೇ ಪುಸ್ತಕದ ವಾಸನೆ ಇರುತ್ತೆ, ಟೀ ವಾಸನೆ ಅಲ್ಲ. ಆಮೇಲೆ ಕತ್ತಲೆ ಕೋಣೇಲಿ ಅಲ್ಟ್ರಾವಯೊಲೆಟ್ ಟಾರ್ಚ್ ಬಿಡಿ. ಸುಮಾರು 1950ರಿಂದ ಈಚೆಗೆ ಕಾಗದ ಬೆಳ್ಳಗೆ ಕಾಣಲಿ ಅಂತ ಅದಕ್ಕೆ ಹೊಳಪಿನ ರಾಸಾಯನಿಕ ಸೇರಿಸೋಕೆ ಶುರು ಮಾಡಿದರು. ಅದು ಆ ಬೆಳಕಿಗೆ ನೀಲಿ ನೀಲಿಯಾಗಿ ಮಿಂಚುತ್ತೆ. 1930ರದ್ದು ಅಂತ ಹೇಳೋ ಬೆಕ್ಕು ಮಿಂಚಿದರೆ ದುಡ್ಡು ಜೇಬಿಗೆ ವಾಪಸ್ ಹಾಕಿ. ಮಿಂಚದೆ ಇದ್ದರೆ ಹಳೇದು ಅಂತ ಗ್ಯಾರಂಟಿ ಇಲ್ಲ, ಯಾಕಂದ್ರೆ ಆ ರಾಸಾಯನಿಕ ಹಾಕದ ಕಾಗದ ಈಗಲೂ ಸಿಗುತ್ತೆ.

ರಿವೆಟ್ ನೋಡಿ. ನಿಜವಾಗಿ ಹಳೇದಾದರೆ ಅದರ ಸುತ್ತ ಕಾಗದಕ್ಕೆ ಲೋಹದ ಕಲೆ ಹತ್ತಿರುತ್ತೆ, ತಿರುಗಿಸಿದ ಗುರುತು ಅರ್ಧಚಂದ್ರದ ಹಾಗೆ ಬಿದ್ದಿರುತ್ತೆ. ಅದನ್ನ ಟೀ ನೀರಿನಲ್ಲಿ ಮಾಡೋಕೆ ಆಗಲ್ಲ. ಹಿಂಬದಿಯ ದೇಶದ ಹೆಸರೂ ಸಹಾಯ ಮಾಡುತ್ತೆ. ಪಶ್ಚಿಮ ಜರ್ಮನಿ ಅಂತ ಇದ್ದರೆ ಅದು ಯುದ್ಧಕ್ಕೆ ಮುಂಚಿನದು ಆಗೋಕೆ ಸಾಧ್ಯವೇ ಇಲ್ಲ, ಮಾರೋನು ಏನೇ ಆಣೆ ಹಾಕಲಿ.

ಮಂಡಿಮೊಹಲ್ಲಾ (ಮೈಸೂರು)

ನನಗೆ ಹ್ಯಾಲೋವೀನ್ ಗೊತ್ತಿಲ್ಲ. ಮಗಳು ಸಿಯಾಟಲ್‌ನಲ್ಲಿದ್ದಾಳೆ, ಅವಳು ಈ ಚರ್ಚೆ ಕಳಿಸಿದಳು. ಆದರೆ ವರ್ಷಕ್ಕೊಮ್ಮೆ ಪೆಟ್ಟಿಗೆ ತೆಗೆಯೋ ಕೆಲಸ ಗೊತ್ತು. ನವರಾತ್ರಿಗೆ ನಮ್ಮ ಮನೇಲಿ ಅಜ್ಜಿ ಕಾಲದ ಗೊಂಬೆಗಳನ್ನ ಕೂರಿಸ್ತೀವಿ.

ಅದರ ಅನುಭವದಿಂದ ಒಂದು ಮಾತು. ಸಾಮಾನು ಸುತ್ತಿರೋ ಹಳೇ ಪೇಪರ್ ಬಿಸಾಡಬೇಡಿ. ನಮ್ಮ ಸೆಟ್ಟಿ ದಂಪತಿ ಗೊಂಬೆಗಳಲ್ಲಿ ಸೆಟ್ಟಿಗೆ ಸುತ್ತಿದ್ದ ಪೇಪರ್ ಒಂದು ವರ್ಷದ್ದು, ಸೆಟ್ಟಮ್ಮನಿಗೆ ಸುತ್ತಿದ್ದು ಅದಕ್ಕಿಂತ ಬಹಳ ಹಿಂದಿನದು. ಆಗ ಗೊತ್ತಾಯಿತು, ಮೊದಲಿನ ಸೆಟ್ಟಿ ಒಡೆದು ಬೇರೆ ಸೆಟ್ಟಿ ತಂದಿದ್ದರು ಅಂತ. ಮನೇಲಿ ಯಾರೂ ಬಾಯಿಬಿಟ್ಟಿರಲಿಲ್ಲ!

ಕೊಲಂಬಸ್ ಕಮಲಿ

ಅಮ್ಮಾ, ಸೆಟ್ಟಮ್ಮನ ಎರಡನೇ ಮದುವೆ ಸುದ್ದಿ ಕೇಳಿ ನಕ್ಕು ಸಾಕಾಯಿತು. ಮಾತು ನೂರಕ್ಕೆ ನೂರು ನಿಜ. ನಮ್ಮತ್ತೆ ಡಬ್ಬದಲ್ಲೂ ಊರಿನ ಪೇಪರ್ ತುಂಡುಗಳಿವೆ, ಅವು ಇಲ್ಲದಿದ್ದರೆ ಯಾವುದು ಯಾವ ಕಾಲದ್ದು ಅಂತ ಹೇಳೋಕೆ ಆಗ್ತಿರಲಿಲ್ಲ.

ಆದರೆ ಒಂದು ಎಚ್ಚರಿಕೆ. ಪೇಪರ್ ಇಟ್ಟುಕೊಳ್ಳಿ, ಅದರಲ್ಲೇ ಮತ್ತೆ ಸುತ್ತಬೇಡಿ. ನ್ಯೂಸ್‌ಪೇಪರಿನಲ್ಲಿ ಆಮ್ಲ ಇರುತ್ತೆ, ಪಕ್ಕದ ಕಾಗದವನ್ನೂ ಹಳದಿ ಮಾಡುತ್ತೆ. ದಿನಾಂಕ ಇರೋ ಭಾಗ ಬೇರೆ ಕವರಿನಲ್ಲಿ ಹಾಕಿ, ಯಾವ ಸಾಮಾನಿನದು ಅಂತ ಬರೆದಿಡಿ. ಸಾಮಾನಿಗೆ ಆಮ್ಲ ಇಲ್ಲದ ಟಿಶ್ಯೂ ಕಾಗದ. ಅಟ್ಟ ಬೇಡ, ಬೇಸಿಗೇಲಿ ಒಲೆ ಥರ ಕಾಯುತ್ತೆ. ನೆಲಮಾಳಿಗೆ ಬೇಡ, ತೇವ, ಹುಳ. ಬಟ್ಟೆ ಬೀರು ಒಳ್ಳೇದು. ಸೆಲ್ಲೋಟೇಪ್ ಯಾವ ಕಾರಣಕ್ಕೂ ಬೇಡ (ಅಟ್ಟದ ಇಲಿಯವರ ಅಪ್ಪನವರಿಗೆ ಮಾಫಿ). ಜೇನುಗೂಡಿನ ಕಾಗದದವು ಮಡಚಿಯೇ ಇರಲಿ, ಬಿಚ್ಚಿ ಮಡಚಿ ಮಾಡಿದಷ್ಟೂ ಅಂಟು ಬಿಡುತ್ತೆ.

ತಗಡಿನ ತುತ್ತೂರಿ

ಅಲ್ಲ ಮೇಡಂ, ಹಾಗಾದ್ರೆ ನೋಡೋದು ಯಾವಾಗ? ಬೀರುವಿನಲ್ಲಿ ಇಡೋಕೆ ಯಾಕೆ ಕೂಡಿಸಬೇಕು? ನಾನು ಎಲ್ಲಾ ಹೊರಗೆ ತೆಗೀತೀನಿ, ಬಂದ ಮಕ್ಕಳ ಕೈಗೇ ಕೊಡ್ತೀನಿ. ತಿರುಗಿಸಲಿ. ತಗಡು ತಗಡೇ.

ಕೊಲಂಬಸ್ ಕಮಲಿ

ತಗಡಿನವರಿಗೆ ಧೈರ್ಯ ಜಾಸ್ತಿ. 😄 ನಾನು ಹೊರಗೆ ತೆಗೆಯೋದೇ ಇಲ್ಲ ಅಂತಲ್ಲ. ಅಕ್ಟೋಬರ್ ಕೊನೇ ವಾರ ಮಾತ್ರ, ಬಿಸಿಲು ಬೀಳದ ಗೋಡೆಗೆ. ಮುಂದಿನ ಕಿಟಕಿಗೆ ಬೆಕ್ಕಿನ ಬಣ್ಣದ ಜೆರಾಕ್ಸ್ ಹಾಕ್ತೀನಿ. ಅತ್ತೆಗೆ ಹೇಳಿಲ್ಲ. ಅವರಿಗೆ ಗೊತ್ತು ಅನ್ಸುತ್ತೆ.

ದೀಪದ ಕುಂಬಳ

ನಾನು ತುತ್ತೂರಿ ಪಾರ್ಟಿ. ಆದರೆ ಕುಂಬಳಕ್ಕೆ ಮೇಣದಬತ್ತಿ ಹಚ್ಚೋರ ಪಾರ್ಟಿ ಅಲ್ಲ. ಕಾಗದದ ಕುಂಬಳದೊಳಗೆ ನಿಜವಾದ ಬೆಂಕಿ ಇಟ್ಟು ಫೋಟೊ ಹಾಕೋರನ್ನ ನೋಡಿದರೆ ಮೈ ಉರಿಯುತ್ತೆ. ಬ್ಯಾಟರಿ ದೀಪ ಅಗ್ಗಕ್ಕೆ ಸಿಗುತ್ತೆ.

ಶಿಕಾಗೋ ಶಾರಿ

2024ರಲ್ಲಿ ನರಕ ಚತುರ್ದಶಿ, ಹ್ಯಾಲೋವೀನ್ ಎರಡೂ ಅಕ್ಟೋಬರ್ 31ಕ್ಕೇ ಬಂದಿತ್ತಲ್ಲ, ಎಲ್ಲರೂ ಏನು ಮಾಡಿದಿರಿ? ನಮ್ಮಲ್ಲಿ ಬೆಳಗ್ಗೆ ಎಣ್ಣೆ ಸ್ನಾನ, ಸಂಜೆ ಮುಖವಾಡ. ಬಾಗಿಲ ಒಂದು ಕಡೆ ಹಣತೆ, ಇನ್ನೊಂದು ಕಡೆ ಹಳೇ ಪ್ಲಾಸ್ಟಿಕ್ ಕುಂಬಳ. ರಂಗೋಲಿ ತುಳೀಬಾರದು ಅಂತ ಬಂದ ಮಕ್ಕಳೆಲ್ಲಾ ಸುತ್ತು ಹಾಕಿ ಬರ್ತಿದ್ದವು. ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಪುಟ್ಟ ಡೈನೋಸಾರ್ ಮಾತ್ರ ಬಾಲದಲ್ಲಿ ಅರ್ಧ ಕಮಲ ಅಳಿಸಿ ಹೋಯಿತು.

ಅಟ್ಟದ ಇಲಿ

ನಾವು ಅಸ್ಥಿಪಂಜರವನ್ನ ಒಳಗಿನ ಬಾಗಿಲಿಗೆ ಹಾಕಿದ್ವಿ. ಹೊರಬಾಗಿಲಿಗೆ ಮಾವಿನ ತೋರಣ, ಪ್ಲಾಸ್ಟಿಕ್ಕಿನದು. ಅಜ್ಜಿ ಇದ್ದಿದ್ದರೆ ಈ ರಾಜಿಗೆ ಒಪ್ಪುತ್ತಿದ್ದರೋ ಇಲ್ಲವೋ, ಪ್ಲಾಸ್ಟಿಕ್ ತೋರಣಕ್ಕೆ ಖಂಡಿತ ಬೈಯುತ್ತಿದ್ದರು.

ಸುಮ್ನೆ ಒಬ್ಬ

ಎಲ್ಲರಿಗೂ ಒಂದು ಪ್ರಶ್ನೆ. ತಂಗಿ ಡಾಲಸ್‌ನಲ್ಲಿ ಹೊಸ ಮನೆಗೆ ಹೋದಳು. ಹಿಂದಿನವರು ಗ್ಯಾರೇಜಿನಲ್ಲಿ ಒಂದು ಡಬ್ಬ ಬಿಟ್ಟು ಹೋಗಿದ್ದಾರೆ. ಒಳಗೆ ಕೀಲಿರೋ ರಟ್ಟಿನ ಕರಿಬೆಕ್ಕು, ಕಣ್ಣು ಹಳದಿ, ಬಾಲದ ತುದಿ ಹರಿದಿದೆ. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಏನೋ ಇದೆಯಂತೆ. ಅವಳು ಕಸಕ್ಕೆ ಹಾಕೋಕೆ ಹೊರಟಿದ್ದಳು. ತಡೀ ಅಂತ ಈಗ ತಾನೇ ಫೋನ್ ಮಾಡಿದೆ.

ಅಟ್ಟದ ಇಲಿ

ಒಳ್ಳೇ ಕೆಲಸ ಮಾಡಿದಿರಿ ಸಾರ್! ಬಾಲಕ್ಕೆ ಟೇಪ್ ಹಚ್ಚಬೇಡಿ ಅಂತ ಮೊದಲು ಹೇಳಿ. ಹಿಂಬದಿ ಫೋಟೊ, ರಿವೆಟ್ ಹತ್ತಿರದಿಂದ ಒಂದು ಫೋಟೊ. ಡಬ್ಬದಲ್ಲಿ ಪೇಪರ್ ಏನಾದ್ರೂ ಇದ್ದರೆ ಅದರ ದಿನಾಂಕ.

ಕೊಲಂಬಸ್ ಕಮಲಿ

ಪೆನ್ಸಿಲ್ಲಿನಲ್ಲಿ ಏನಾದ್ರೂ ಬರೆದಿದೆಯಾ ಅದನ್ನೂ ನೋಡೋಕೆ ಹೇಳಿ.